ಅರ್ಧದಲ್ಲಿ ನಿಂತ ಮಾತು

1969ನೆಯ ಇಸವಿ ಅಕ್ಟೋಬರ್ 29ರ ರಾತ್ರಿ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಕೊಠಡಿಯೊಂದರಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಗಣಕಯಂತ್ರದ ಮುಂದೆ ಕುಳಿತಿದ್ದ. ಅಲ್ಲಿಂದ ಸುಮಾರು 560 ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಬಿಲ್ ಡುವಾಲ್ ಎಂಬ ತರುಣ ಇನ್ನೊಂದು ಯಂತ್ರವನ್ನು ನೋಡಿಕೊಳ್ಳುತ್ತಿದ್ದ. ಇಬ್ಬರ ಕಿವಿಗೂ ದೂರವಾಣಿ ಅಂಟಿಕೊಂಡಿತ್ತು. ಈ ಯಂತ್ರದಿಂದ ಆ ಯಂತ್ರಕ್ಕೆ ‘ಲಾಗಿನ್’ ಎಂಬ ಐದಕ್ಷರದ ಆಂಗ್ಲ ಪದವನ್ನು ಕಳುಹಿಸುವುದು ಅವರ ಉದ್ದೇಶ. ಕ್ಲೈನ್ ‘ಎಲ್’ ಅಕ್ಷರವನ್ನು ಒತ್ತಿ, ಬಂತೆ ಎಂದು ದೂರವಾಣಿಯಲ್ಲಿ ಕೇಳಿದ. ಬಂತೆಂದು ಉತ್ತರ ಬಂದಿತು. ‘ಓ’ ಒತ್ತಿದ, ಅದೂ ಮುಟ್ಟಿತು. ಮೂರನೆಯ ಅಕ್ಷರವಾದ ‘ಜಿ’ಯನ್ನು ಒತ್ತಿದ್ದೇ ತಡ, ಆ ತುದಿಯ ಯಂತ್ರ ಕುಸಿದು ಕುಳಿತಿತು. ಸುಮಾರು ಒಂದು ಗಂಟೆಯ ಅನಂತರ ಎಲ್ಲವನ್ನೂ ಸರಿಪಡಿಸಿ ಪೂರ್ತಿ ಪದವನ್ನು ಕಳುಹಿಸಿದರೆಂಬುದು ನಿಜ. ಆದರೂ ಮುಂದೆ ಇಂಟರ್‌ನೆಟ್ ಎಂದು ಜಗತ್ತನ್ನೆಲ್ಲ ಬಳಸಿಕೊಂಡ ಜಾಲಕ್ಕೆ ತಾಯಿಯಾದ ‘ಆರ್ಪಾನೆಟ್ಟಿ’ನ ಮೊಟ್ಟಮೊದಲ ಸಂದೇಶ ‘ಲೋ’ ಎಂದೇ ಇತಿಹಾಸದಲ್ಲಿ ಉಳಿದುಬಿಟ್ಟಿತು. ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಹುಡುಗನನ್ನು ಕರೆದಂತೆ ಅದು ಕನ್ನಡಿಗರ ಕಿವಿಗೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಅಂದು ಆ ಇಬ್ಬರಿಗೆ ಒಂದು ದೊಡ್ಡ ಸೌಕರ್ಯವಿತ್ತು. ಎಷ್ಟು ಬಂದಿದೆ, ಎಲ್ಲಿಗೆ ನಿಂತಿದೆ ಎಂದು ಕೇಳಿ ತಿಳಿಯಲು ಕೈಯಲ್ಲಿ ದೂರವಾಣಿಯಿತ್ತು. ಇಂದಿನ ಯಂತ್ರಗಳಿಗೆ ಆ ಸೌಕರ್ಯವೆಲ್ಲಿಯದು? ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಪರದೇಶದಲ್ಲಿರುವ ಮಗಳು ಕಳುಹಿಸಿದ ಮೊಮ್ಮಗುವಿನ ಚಿತ್ರ, ಎಲ್ಲವೂ ಯಾರೂ ‘ಬಂತೆ?’ ಎಂದು ವಿಚಾರಿಸದೆಯೇ ಯಂತ್ರದಿಂದ ಯಂತ್ರಕ್ಕೆ ಹಗಲಿರುಳು ಹರಿಯುತ್ತಿವೆ. ಕಳುಹಿಸಿದುದು ಪೂರ್ತಿ ಬಂದಿತೆ, ಇನ್ನೂ ಬರಬೇಕಾದುದಿದೆಯೆ, ಒಂದು ಮಾತು ಮುಗಿದು ಮತ್ತೊಂದು ಎಲ್ಲಿ ಮೊದಲಾಯಿತು ಎಂಬುದನ್ನು ಓದುವ ತುದಿಯ ಪ್ರೋಗ್ರಾಂ ತಾನೇ ಎಣಿಸಿ ತಿಳಿದುಕೊಳ್ಳಬೇಕು. ಎಣಿಸಲು ಮರೆತ ಪ್ರೋಗ್ರಾಮುಗಳಿಂದ ಜಗತ್ತು ಕಂಡ ಅನಾಹುತ ಸಣ್ಣದಲ್ಲ.

ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಇಂಜಿನಿಯರಿಂಗ್ ಪದವಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ. ಇನ್ನೂರು ವಿದ್ಯಾರ್ಥಿಗಳ ಹೆಸರು ಮತ್ತು ಅಂಕಗಳ ಪಟ್ಟಿಯೊಂದನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ತರುವ ಪ್ರೋಗ್ರಾಮನ್ನು ‘ಸಿ’ ಭಾಷೆಯಲ್ಲಿ ಬರೆಯಬೇಕಾಗಿದೆ. ಒಂದೊಂದು ಸಾಲಿಗೆ 20 ಬೈಟುಗಳು. ಒಟ್ಟು 4000 ಬೈಟು. ಬೈಟು ಎಂದರೆ ಆಂಗ್ಲದ ಒಂದು ಅಕ್ಷರ ಹಿಡಿಸುವಷ್ಟು ಜಾಗವೆಂದು ತಿಳಿದರೆ ಸಾಕು. ರಾತ್ರಿ ಮನೆಯಲ್ಲಿ ಕುಳಿತು, ಕಳುಹಿಸುವ ಪ್ರೋಗ್ರಾಮನ್ನೂ ಓದುವ ಪ್ರೋಗ್ರಾಮನ್ನೂ ಒಂದೇ ಯಂತ್ರದಲ್ಲಿ ನಡೆಸಿ ನೋಡುತ್ತಾನೆ. ಇನ್ನೂರು ಹೆಸರುಗಳೂ ಅಚ್ಚುಕಟ್ಟಾಗಿ ಬರುತ್ತವೆ. ಹತ್ತು ಸಲ ನಡೆಸಿದರೆ ಹತ್ತು ಸಲವೂ ಬರುತ್ತವೆ. ಮರುದಿನ ಎರಡು ಊರುಗಳ ನಡುವೆ ಅದೇ ಪ್ರೋಗ್ರಾಮನ್ನು ಹೂಡಿದಾಗ ಬಂದುದು 73 ಹೆಸರುಗಳು ಮಾತ್ರ! ಉಳಿದ 127 ಮಂದಿ ಏನಾದರು? ಯಂತ್ರ ಯಾವ ದೋಷವನ್ನೂ ವರದಿ ಮಾಡಲಿಲ್ಲ. 73ನೆಯ ಹೆಸರು ಕೂಡ ಅರ್ಧಕ್ಕೆ ತುಂಡಾಗದೆ ಪೂರ್ತಿಯಾಗಿಯೇ ಇದ್ದುದರಿಂದ, ನೋಡಿದವರಿಗೆ ಪಟ್ಟಿಯೇ ಅಷ್ಟೆಂದು ತೋರಿತು. ಕೆಟ್ಟು ನಿಂತ ಯಂತ್ರಕ್ಕಿಂತ, ಕೆಟ್ಟಿದ್ದರೂ ನೆಟ್ಟಗಿರುವಂತೆ ನಟಿಸುವ ಯಂತ್ರವೇ ಹೆಚ್ಚು ಅಪಾಯಕಾರಿಯೆನ್ನಬೇಕು.

ಈ ತರುಣ ಮಾಡಿದ ತಪ್ಪಾದರೂ ಏನು? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಇಬ್ಬರು ವಿದ್ವಾಂಸರು, ಬೇರೆ ಬೇರೆ ಬಗೆಯ ಜಾಲಗಳು ಪರಸ್ಪರ ಮಾತನಾಡುವ ವಿಧಾನವೊಂದನ್ನು 1974ರಲ್ಲಿ ಪ್ರಕಟಿಸಿದರು. ಅದು ಬೆಳೆದು, ತಿದ್ದುಪಡಿಗಳನ್ನು ಕಂಡು, 1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ ಪ್ರಮಾಣಪತ್ರವಾಗಿ ಹೊರಬಂದಿತು. 1983ರ ಜನವರಿ 1ರಂದು ಆರ್ಪಾನೆಟ್ ಇಡಿಯಾಗಿ ಆ ವಿಧಾನಕ್ಕೆ ಬದಲಾಯಿತು. ಅದೇ ಇಂದಿಗೂ ಬಳಕೆಯಲ್ಲಿರುವ ಟಿಸಿಪಿ. ಅದೇ ವರ್ಷ ಬರ್ಕ್ಲಿಯ ವಿಶ್ವವಿದ್ಯಾನಿಲಯದವರು ತಮ್ಮ ಯೂನಿಕ್ಸ್ ವ್ಯವಸ್ಥೆಯ ಹೊಸ ಆವೃತ್ತಿಯಲ್ಲಿ ‘ಸಾಕೆಟ್’ ಎಂಬ ಸಾಧನವನ್ನು ಒದಗಿಸಿದರು. ಗೋಡೆಯ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಚುಚ್ಚಿದರೆ ವಿದ್ಯುತ್ತು ಹರಿಯುವುದಲ್ಲವೆ? ಹಾಗೆಯೇ ಪ್ರೋಗ್ರಾಮೊಂದು ಈ ಸಾಕೆಟ್ಟಿಗೆ ತನ್ನನ್ನು ಜೋಡಿಸಿಕೊಂಡರೆ ದೂರದ ಯಂತ್ರದಿಂದ ಬೈಟುಗಳು ಹರಿದು ಬರುತ್ತವೆ. ತಂತಿ ಎಲ್ಲಿ ಹೋಗಿದೆ, ಯಾವ ಊರಿನ ಮೇಲೆ ಹಾದಿದೆ ಎಂಬ ಗೊಡವೆ ಪ್ರೋಗ್ರಾಮಿಗೆ ಬೇಕಿಲ್ಲ.

ಬರ್ಕ್ಲಿಯವರು ಇನ್ನೊಂದು ಉಪಕಾರವನ್ನೂ ಮಾಡಿದರು. ಯಂತ್ರದ ತಟ್ಟೆಯಲ್ಲಿರುವ ಕಡತವನ್ನು ಓದಲು ಯಾವ ‘ರೀಡ್’ ಎಂಬ ಆಜ್ಞೆಯಿದೆಯೋ ಅದೇ ಆಜ್ಞೆಯಿಂದ ಸಾಕೆಟ್ಟನ್ನೂ ಓದಬಹುದೆಂದರು. ಕಲಿಯುವವರಿಗೆ ಇದು ಸುಲಭವಾಯಿತು. ಆದರೆ ಎಡವಲು ಕಲ್ಲೂ ಅಲ್ಲಿಯೇ ಬಿದ್ದಿತು. ಕಡತ ತನ್ನದೇ ಮನೆಯ ಕಪಾಟಿನಲ್ಲಿರುವ ಪುಸ್ತಕ. 4000 ಬೈಟು ಕೇಳಿದರೆ, ಅಷ್ಟು ಇದ್ದಲ್ಲಿ, ಅಷ್ಟನ್ನೂ ಕೊಡುತ್ತದೆ. ಸಾಕೆಟ್ಟಿನ ಸ್ವಭಾವ ಹಾಗಲ್ಲ. 4000 ಕೇಳಿದರೆ ‘ಹೆಚ್ಚೆಂದರೆ 4000’ ಎಂದು ಅದು ಅರ್ಥಮಾಡಿಕೊಳ್ಳುತ್ತದೆ. ಆ ಗಳಿಗೆಗೆ ಎಷ್ಟು ಬಂದು ತಲುಪಿದೆಯೋ ಅಷ್ಟನ್ನು ಕೈಗಿತ್ತು, ಇಷ್ಟು ಕೊಟ್ಟಿದ್ದೇನೆಂದು ಒಂದು ಸಂಖ್ಯೆಯನ್ನು ಹೇಳಿ ಹಿಂದಿರುಗುತ್ತದೆ. ತರುಣ ಆ ಸಂಖ್ಯೆಯನ್ನು ನೋಡಲೇ ಇಲ್ಲ.

ಸಂಖ್ಯೆ ಎಷ್ಟಿತ್ತು? 1460. ಸಾಮಾನ್ಯವಾಗಿ ಬಳಕೆಯಲ್ಲಿರುವ ಈಥರ್‌ನೆಟ್ ತಂತಿಯ ಮೇಲೆ ಒಂದು ಕಂತಿನಲ್ಲಿ ಸಾಗುವ ಹೊರೆ 1500 ಬೈಟುಗಳನ್ನು ಮೀರುವಂತಿಲ್ಲ. ಅದರಲ್ಲಿ ವಿಳಾಸ, ಕ್ರಮಸಂಖ್ಯೆ ಮೊದಲಾದ ತಲೆಬರಹಕ್ಕೆ ಕನಿಷ್ಠ 40 ಬೈಟು ಹೋದರೆ, ಸರಕಿಗೆ ಉಳಿಯುವುದು ಹೆಚ್ಚೆಂದರೆ 1460. ಇಪ್ಪತ್ತರಿಂದ ಭಾಗಿಸಿದರೆ 73. ಮೊದಲ ಕಂತು ಬಂದ ಕ್ಷಣದಲ್ಲಿಯೇ ‘ರೀಡ್’ ಹಿಂದಿರುಗಿತು. ಉಳಿದ ಕಂತುಗಳು ಅರೆಗಳಿಗೆ ತಡವಾಗಿ ಬಂದು, ಕೇಳುವವರಿಲ್ಲದೆ ಬಾಗಿಲಲ್ಲೇ ಉಳಿದವು. ಮನೆಯಲ್ಲಾದರೋ ಎರಡು ಪ್ರೋಗ್ರಾಮುಗಳೂ ಒಂದೇ ಯಂತ್ರದಲ್ಲಿದ್ದುದರಿಂದ ಆ ಸಣ್ಣ ತಂತಿಯ ಕಟ್ಟುಪಾಡೂ ಇರಲಿಲ್ಲ, ದಾರಿಯ ತಡವೂ ಇರಲಿಲ್ಲ. ಹತ್ತು ಸಲ ಸರಿಯಾಗಿ ನಡೆದುದು ಪ್ರೋಗ್ರಾಮಿನ ಗುಣದಿಂದಲ್ಲ, ಅದೃಷ್ಟದಿಂದ.

ಆ ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ ಮಗ ತಾಯಿಯೊಡನೆ ತನ್ನ ಕಷ್ಟವನ್ನು ಹೇಳಿಕೊಂಡನೆನ್ನೋಣ. ಆಕೆಗೆ ಸಾಕೆಟ್ಟೂ ತಿಳಿಯದು, ಬೈಟೂ ತಿಳಿಯದು. ಹಿತ್ತಲ ನಲ್ಲಿಯ ಕೆಳಗೆ ಬಿಂದಿಗೆಯಿಟ್ಟು ನಿಂತವಳು, “ನಲ್ಲಿ ತಿರುಗಿಸಿದ ಮಾತ್ರಕ್ಕೆ ಬಿಂದಿಗೆ ತುಂಬಿಬಿಡುತ್ತದೇನೋ? ತುಂಬುವ ತನಕ ಹಿಡಿಯಬೇಕಪ್ಪ. ನಡುವೆ ನೀರು ಸಣ್ಣಗಾಯಿತೆಂದು ಎತ್ತಿಕೊಂಡು ಬರುತ್ತಾರೆಯೆ?” ಎಂದಳಂತೆ. ಇದಕ್ಕಿಂತ ಚೆನ್ನಾಗಿ ಟಿಸಿಪಿಯ ಸ್ವಭಾವವನ್ನು ಹೇಳುವುದು ಕಷ್ಟ.

ಏಕೆಂದರೆ ಟಿಸಿಪಿ ಕೊಡುವ ಭಾಷೆಯೇ ಅಂಥದು. ಕಳುಹಿಸಿದ ಬೈಟುಗಳು ಕಳುಹಿಸಿದ ಕ್ರಮದಲ್ಲಿಯೇ ಬರುವುವು. ದಾರಿಯಲ್ಲಿ ಕಳೆದುಹೋದ ಕಂತನ್ನು ಮತ್ತೆ ತರಿಸಿಕೊಡಲಾಗುವುದು. ಎರಡು ಸಲ ಬಂದ ಕಂತನ್ನು ಒಂದಾಗಿಯೇ ಒಪ್ಪಿಸಲಾಗುವುದು. ಇಷ್ಟು ಮಾತನ್ನು ಅದು ಪ್ರಾಣವಿರುವವರೆಗೆ ನಡೆಸಿಕೊಡುತ್ತದೆ. ಆದರೆ ಕಳುಹಿಸಿದವನು ಎಷ್ಟೆಷ್ಟಾಗಿ ಕಳುಹಿಸಿದನೋ ಅಷ್ಟಷ್ಟಾಗಿಯೇ ಕೊಡುವೆನೆಂದು ಮಾತ್ರ ಎಂದೂ ಹೇಳಿಲ್ಲ. ಮಹಡಿಯ ಮೇಲಿನ ತೊಟ್ಟಿಗೆ ಹತ್ತು ಬಿಂದಿಗೆ ನೀರು ಸುರಿದವರಿದ್ದಾರೆ. ಕೆಳಗೆ ನಲ್ಲಿ ತಿರುಗಿಸಿದವನು ಇದು ಮೂರನೆಯ ಬಿಂದಿಗೆಯ ನೀರು, ಇದು ನಾಲ್ಕನೆಯದು ಎಂದು ಗುರುತಿಸಬಲ್ಲನೆ? ಕಳುಹಿಸಿದವನು ಒಂದೇ ಸಲ ಬರೆದುದು ಓದುವವನಿಗೆ ಮೂರು ತುಂಡಾಗಿ ಬರಬಹುದು. ಮೂರು ಸಲ ಬರೆದುದು ಒಂದೇ ಮುದ್ದೆಯಾಗಿಯೂ ಬರಬಹುದು.

ಮುದ್ದೆಯಾಗುವುದಕ್ಕೂ ಒಂದು ಕತೆಯಿದೆ. ಕೀಲಿಮಣೆಯಲ್ಲಿ ಒಂದಕ್ಷರ ಒತ್ತಿದೊಡನೆ ಅದನ್ನು ಹಾಗೆಯೇ ಕಳುಹಿಸಿದರೆ ಒಂದು ಬೈಟಿನ ಸರಕಿಗೆ 40 ಬೈಟಿನ ತಲೆಬರಹ. ಕಾಸಿನ ಕಾಗದಕ್ಕೆ ರೂಪಾಯಿಯ ಅಂಚೆಚೀಟಿ ಹಚ್ಚಿದಂತೆ. ಫೋರ್ಡ್ ಏರೋಸ್ಪೇಸ್ ಸಂಸ್ಥೆಯಲ್ಲಿದ್ದ ಜಾನ್ ನೇಗಲ್ 1984ರಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ಹಿಂದೆ ಕಳುಹಿಸಿದುದು ಮುಟ್ಟಿತೆಂಬ ಸುದ್ದಿ ಬರುವವರೆಗೂ ಚಿಲ್ಲರೆ ಬೈಟುಗಳನ್ನು ಕೂಡಿಟ್ಟು, ಆಮೇಲೆ ಒಟ್ಟಿಗೆ ಕಳುಹಿಸುವುದು ಆ ಉಪಾಯದ ಸಾರ. ಜಾಲದ ಹೊರೆ ಇಳಿಯಿತು. ಆದರೆ ಬೇರೆ ಬೇರೆಯಾಗಿ ಬರೆದ ಮಾತುಗಳು ದಾರಿಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದು ಇನ್ನಷ್ಟು ಸಾಮಾನ್ಯವಾಯಿತು.

ಹಾಗಾದರೆ ಓದುವುದು ಹೇಗೆ? ತಾಯಿ ಹೇಳಿದಂತೆಯೇ, ತುಂಬುವ ತನಕ. 4000 ಬೇಕಾಗಿದ್ದು 1460 ಬಂದರೆ, ಬಂದುದನ್ನು ಜೋಪಾನವಾಗಿಟ್ಟು, ಅದರ ಮುಂದಿನ ಜಾಗದಿಂದ ಉಳಿದ 2540ಕ್ಕಾಗಿ ಮತ್ತೆ ಕೇಳಬೇಕು. ಮತ್ತೆ 1460 ಬಂದರೆ ಉಳಿದ 1080ಕ್ಕಾಗಿ ಕೇಳಬೇಕು. ಹೀಗೆ ಬೇಕಾದುದು ಸೊನ್ನೆಗಿಳಿಯುವವರೆಗೆ ಸುತ್ತುತ್ತಿರಬೇಕು. ರಿಚರ್ಡ್ ಸ್ಟೀವನ್ಸ್ ಅವರು ಯೂನಿಕ್ಸ್ ಜಾಲಗಳ ಪ್ರೋಗ್ರಾಮಿಂಗನ್ನು ಕುರಿತು 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆಂದೇ ‘ರೀಡೆನ್’ ಎಂಬ ಪುಟ್ಟ ಉಪಾಂಗವೊಂದನ್ನು ಬರೆದುಕೊಟ್ಟರು. ಮುಂದಿನ ತಲೆಮಾರಿನ ಪ್ರೋಗ್ರಾಮುಕಾರರು ಅದನ್ನು ಬಾಯಿಪಾಠದಂತೆ ಕಲಿತರು. ಆಫ್ರಿಕದ ಉತ್ತರ ರೊಡೀಷಿಯದಲ್ಲಿ 1951ರಲ್ಲಿ ಹುಟ್ಟಿ, 1999ರಲ್ಲಿಯೇ ತೀರಿಕೊಂಡ ಈ ಮಹನೀಯರ ಗ್ರಂಥಗಳು ಇಂದಿಗೂ ಪ್ರೋಗ್ರಾಮುಕಾರರ ಮೇಜಿನ ಮೇಲಿವೆ. ಕಠಿಣ ವಿಷಯವನ್ನು ನಡೆಸಿ ತೋರಿಸದೆ ಮುಂದಿನ ಪುಟಕ್ಕೆ ಹೋಗದ ಶಿಸ್ತು ಅವರದು. ಪಠ್ಯಪುಸ್ತಕ ಬರೆಯುವವರೆಲ್ಲ ಕಣ್ಣಿಗೊತ್ತಿಕೊಳ್ಳಬೇಕಾದ ಶಿಸ್ತು.

‘ರೀಡ್’ ಹೇಳುವ ಸಂಖ್ಯೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೊನ್ನೆಯೆಂದು ಹೇಳಿದರೆ, ‘ಈಗ ಏನೂ ಬಂದಿಲ್ಲ, ಆಮೇಲೆ ಬಾ’ ಎಂದು ಅರ್ಥವಲ್ಲ. ಆ ತುದಿಯವನು ಮಾತು ಮುಗಿಸಿ ಬಾಗಿಲು ಹಾಕಿಕೊಂಡಿದ್ದಾನೆಂದು ಅರ್ಥ. ಇದನ್ನರಿಯದೆ ಸೊನ್ನೆ ಬಂದಾಗಲೂ ಮತ್ತೆ ಮತ್ತೆ ಕೇಳುತ್ತ, ಖಾಲಿ ಮನೆಯ ಕದ ತಟ್ಟುತ್ತ, ಯಂತ್ರದ ಶಕ್ತಿಯನ್ನೆಲ್ಲ ವ್ಯರ್ಥಗೊಳಿಸುವ ಪ್ರೋಗ್ರಾಮುಗಳಿಗೆ ಲೆಕ್ಕವಿಲ್ಲ. ಬೇಕಾದ 4000ದಲ್ಲಿ 2920 ಬಂದಾಗ ಸೊನ್ನೆ ಬಂದರೆ, ಅದು ಸಹಜವಾದ ಮುಕ್ತಾಯವಲ್ಲ, ಅರ್ಧದಲ್ಲಿ ಕಡಿದ ಮಾತು. ಹಾಗೆಂದು ಮೇಲಿನವರಿಗೆ ತಿಳಿಸಲೇಬೇಕು. ಋಣ ಒಂದು ಎಂದು ಬಂದರೆ ಏನೋ ವಿಘ್ನವಾಗಿದೆ. ಆದರೆ ಎಲ್ಲ ವಿಘ್ನವೂ ವಿಘ್ನವಲ್ಲ. ಓದುತ್ತ ಕುಳಿತವನನ್ನು ಬಾಗಿಲ ಗಂಟೆ ಎಬ್ಬಿಸಿದಂತೆ, ಯಂತ್ರದ ಬೇರೊಂದು ಸೂಚನೆ ಬಂದು ‘ರೀಡ್’ ಬರಿಗೈಯಲ್ಲಿ ಎದ್ದು ಬರುವುದುಂಟು. ಆಗ ಪುಸ್ತಕವನ್ನೇ ಎಸೆಯಬೇಕಾಗಿಲ್ಲ. ಮತ್ತೆ ಕುಳಿತು ಓದಬೇಕು, ಅಷ್ಟೆ.

ಇದಿಷ್ಟೂ ಎಷ್ಟು ಬರಬೇಕೆಂದು ಮೊದಲೇ ತಿಳಿದಿದ್ದಾಗಿನ ಮಾತಾಯಿತು. ತಿಳಿಯದಿದ್ದರೆ? ಪಟ್ಟಿಯಲ್ಲಿ ಇಂದು ಇನ್ನೂರು ಹೆಸರು, ನಾಳೆ ಮುನ್ನೂರು. ಓದುವವನಿಗೆ ಕೊನೆ ಗೊತ್ತಾಗುವುದು ಹೇಗೆ?

ಕನ್ನಡದ ಹಳೆಯ ತಾಳೆಗರಿಗಳನ್ನು ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಗರಿಯ ಉದ್ದಕ್ಕೂ ಅಕ್ಷರಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಹೋಗುತ್ತವೆ. ಪದಗಳ ನಡುವೆ ತೆರಪಿಲ್ಲ. ಪದ್ಯದ ಪಾದಕ್ಕೊಂದು ಹೊಸ ಸಾಲೆಂಬುದೂ ಇಲ್ಲ. ಗರಿ ಮುಗಿದರೆ ಪದವೂ ಅರ್ಧದಲ್ಲಿಯೇ ತುಂಡಾಗಿ ಮುಂದಿನ ಗರಿಗೆ ಹೋಗುತ್ತದೆ. ಆದರೂ ಬಲ್ಲವರು ತಪ್ಪಿಲ್ಲದೆ ಓದುತ್ತಾರೆ. ಕೆಲವೆಡೆ ದಂಡದ ಗೆರೆ ಇಲ್ಲಿಗೆ ಮುಗಿಯಿತೆಂದು ತೋರಿಸುತ್ತದೆ. ಗೆರೆಯಿಲ್ಲದ ಕಡೆ ಲೆಕ್ಕವಿದೆ. ಕಂದಪದ್ಯವೆಂದು ಗೊತ್ತಾದರೆ ಸಾಕು, ಹನ್ನೆರಡು ಮಾತ್ರೆ, ಇಪ್ಪತ್ತು ಮಾತ್ರೆ, ಮತ್ತೆ ಹನ್ನೆರಡು, ಮತ್ತೆ ಇಪ್ಪತ್ತು. ಒಟ್ಟು 64 ಆದೊಡನೆ ಪದ್ಯ ಮುಗಿಯಿತು. ಯಂತ್ರಗಳೂ ಕಂಡುಕೊಂಡಿರುವ ದಾರಿಗಳು ಇವೇ.

ಗೆರೆಯೆಳೆಯುವ ದಾರಿಗೆ ಮಿಂಚಂಚೆಯೇ ಒಳ್ಳೆಯ ಉದಾಹರಣೆ. ಕಾಗದ ಮುಗಿಯಿತೆಂದು ತಿಳಿಸಲು ಒಂದು ಚುಕ್ಕೆಯನ್ನು ಮಾತ್ರವೇ ಒಂದು ಸಾಲಿನಲ್ಲಿಟ್ಟು ಕಳುಹಿಸುವ ಪದ್ಧತಿಯನ್ನು 1982ರ ನಿಯಮಾವಳಿ ಗೊತ್ತುಮಾಡಿತು. ಆದರೆ ಕಾಗದ ಬರೆದವನೇ ಒಂದು ಸಾಲಿನಲ್ಲಿ ಬರಿಯ ಚುಕ್ಕೆಯಿಟ್ಟಿದ್ದರೆ? ಪಾಪ, ಅವನ ಕಾಗದ ಅಲ್ಲಿಗೇ ಮುಗಿದುಹೋಗಬೇಕೆ? ಅದಕ್ಕಾಗಿ ಚುಕ್ಕೆಯಿಂದ ಮೊದಲಾಗುವ ಸಾಲಿಗೆಲ್ಲ ಕಳುಹಿಸುವ ಯಂತ್ರ ಇನ್ನೊಂದು ಚುಕ್ಕೆಯನ್ನು ಸೇರಿಸುತ್ತದೆ, ಓದುವ ಯಂತ್ರ ಅದನ್ನು ತೆಗೆಯುತ್ತದೆ. ಎರಡನೆಯ ದಾರಿಯಲ್ಲಿ, ಮುಂದೆ ಇಷ್ಟು ಬೈಟುಗಳು ಬರಲಿವೆಯೆಂದು ಮೊದಲೇ ಸಂಖ್ಯೆಯೊಂದನ್ನು ಕಳುಹಿಸುತ್ತಾರೆ. ಇದು ಅಚ್ಚುಕಟ್ಟಾದ ದಾರಿ. ಆದರೆ ಇಲ್ಲಿಯೂ ಒಂದು ಜಗಳವಿದೆ. ನಾಲ್ಕು ಬೈಟುಗಳ ಸಂಖ್ಯೆಯಲ್ಲಿ ದೊಡ್ಡ ಸ್ಥಾನವನ್ನು ಮೊದಲು ಬರೆಯಬೇಕೋ ಸಣ್ಣ ಸ್ಥಾನವನ್ನೋ ಎಂಬ ವಿಷಯದಲ್ಲಿ ಯಂತ್ರಗಳಲ್ಲಿ ಏಕಾಭಿಪ್ರಾಯವಿಲ್ಲ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಯುದ್ಧ ಹೂಡಿದ ಗಲಿವರನ ಲಿಲಿಪುಟ್ಟಿಗರ ಹೆಸರನ್ನೇ 1980ರಲ್ಲಿ ಡ್ಯಾನಿ ಕೋಹೆನ್ ಎಂಬವರು ಈ ಎರಡು ಪಂಗಡಗಳಿಗೆ ಇಟ್ಟರು. ‘ದೊಡ್ಡ ತುದಿ’ಯವರು, ‘ಸಣ್ಣ ತುದಿ’ಯವರು ಎಂಬ ಹೆಸರುಗಳು ಇಂದಿಗೂ ಗಂಭೀರವಾಗಿಯೇ ಬಳಕೆಯಲ್ಲಿವೆ. ಜಾಲದ ಮೇಲೆ ದೊಡ್ಡ ತುದಿಯೇ ಮೊದಲೆಂಬುದು ರೂಢಿಯ ನಿಯಮ. ಈ ನಿಯಮವನ್ನು ಮರೆತು ತಿರುಗುಮುರುಗಾಗಿ ಓದಿದರೆ ‘ಒಂದು’ ಎಂಬ ಸಂಖ್ಯೆ 1,67,77,216 ಆಗಿ ಕಾಣಿಸುತ್ತದೆ! ಅಲ್ಲದೆ ಈ ನಾಲ್ಕು ಬೈಟುಗಳೂ ಒಟ್ಟಿಗೇ ಬರುತ್ತವೆಂಬ ಭರವಸೆಯಿಲ್ಲ. ಎರಡು ಈಗ ಬಂದು ಎರಡು ಆಮೇಲೆ ಬರಬಹುದು. ಅವನ್ನೂ ತುಂಬುವ ತನಕವೇ ಹಿಡಿಯಬೇಕು.

ಕನ್ನಡದ ಪಾಲಿಗೆ ಇಲ್ಲಿ ವಿಶೇಷವಾದ ತೊಡಕೊಂದಿದೆ. ಆಂಗ್ಲದ ಒಂದಕ್ಷರಕ್ಕೆ ಒಂದು ಬೈಟು ಸಾಕು. ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ಕಕಾರ, ನಕಾರ, ಒತ್ತನ್ನು ತರುವ ಹಲಂತ, ಮತ್ತೊಂದು ನಕಾರ, ಡಕಾರ, ಹೀಗೆ ಐದು ಚಿಹ್ನೆಗಳು, 15 ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟುಗಳನ್ನು ಬೇಡುತ್ತದೆ. 1460ನ್ನು ಮೂರರಿಂದ ಭಾಗಿಸಿದರೆ 486 ಬಂದು ಎರಡು ಉಳಿಯುತ್ತದೆ. ಎಂದರೆ, ತೆರಪಿಲ್ಲದೆ ಸಾಗುವ ಕನ್ನಡದಲ್ಲಿ 487ನೆಯ ಚಿಹ್ನೆಯ ಎರಡು ಪಾಲು ಈ ಕಂತಿನಲ್ಲಿ, ಒಂದು ಪಾಲು ಮುಂದಿನ ಕಂತಿನಲ್ಲಿ! ಬಂದ ಕಂತನ್ನು ಹಾಗೆಯೇ ತೆರೆಯ ಮೇಲೆ ತೋರಿಸುವ ಪ್ರೋಗ್ರಾಮಿನಲ್ಲಿ ಅಕ್ಷರವಿರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ ಕುಳಿತಿರುತ್ತದೆ. ಆಂಗ್ಲದಲ್ಲಿ ಮಾತ್ರ ಪರೀಕ್ಷಿಸಿ ನೋಡಿದವನಿಗೆ ಈ ದೋಷ ಜನ್ಮದಲ್ಲಿ ಕಾಣಿಸದು. ತಮ್ಮ ಹೆಸರಿನ ನಡುವೆ ಇಂಥ ಕುಳಿಯನ್ನು ಕಂಡ ಕನ್ನಡಿಗರು ಯಂತ್ರಕ್ಕೆ ಕನ್ನಡ ಬಾರದೆಂದು ಬೇಸರಪಡುತ್ತಾರೆ. ಹೀಗಾದೆಡೆ ಬಾರದಿದ್ದುದು ಕನ್ನಡವಲ್ಲ, ಎಣಿಕೆ.

ಕಡಮೆ ಓದುವ ಅಪಾಯ ಹೀಗಾದರೆ ಹೆಚ್ಚು ಓದುವ ಅಪಾಯ ಇನ್ನೂ ಘೋರವಾದುದು. ‘ಸಿ’ ಭಾಷೆಯನ್ನು ಡೆನಿಸ್ ರಿಚಿ ಅವರು ಬೆಲ್ ಪ್ರಯೋಗಶಾಲೆಯಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ರೂಪಿಸಿದರು. ಹರಿತವಾದ ಈಳಿಗೆಮಣೆಯಂಥ ಭಾಷೆ ಅದು. ಕುಂಬಳಕಾಯಿಯನ್ನೂ ಕತ್ತರಿಸುತ್ತದೆ, ಬೆರಳನ್ನೂ ಕತ್ತರಿಸುತ್ತದೆ. 512 ಬೈಟಿನ ಪಾತ್ರೆಗೆ 536 ಬೈಟು ಸುರಿದರೆ ಅದು ತಡೆಯುವುದಿಲ್ಲ; ಹೆಚ್ಚಾದ 24 ಬೈಟುಗಳು ಪಕ್ಕದ ಜಾಗದ ಮೇಲೆ ಚೆಲ್ಲುತ್ತವೆ. ಇದು ಬರಿಯ ಉದಾಹರಣೆಯಲ್ಲ. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಮಾರಿಸ್ ಹರಿಯಬಿಟ್ಟ ‘ಹುಳು’ವೆಂಬ ಪ್ರೋಗ್ರಾಂ ಯಂತ್ರಗಳ ಒಳಹೊಕ್ಕ ದಾರಿಗಳಲ್ಲಿ ಇದೂ ಒಂದು. ಯಂತ್ರದಲ್ಲಿ ಯಾರಿದ್ದಾರೆಂದು ತಿಳಿಸುವ ‘ಫಿಂಗರ್’ ಎಂಬ ಸೇವೆ, ಸಾಕೆಟ್ಟಿನಿಂದ ಬಂದ ಸಾಲನ್ನು ‘ಗೆಟ್ಸ್’ ಎಂಬ ಉಪಾಂಗದ ಮೂಲಕ 512 ಬೈಟಿನ ಪಾತ್ರೆಗೆ ಓದಿಕೊಳ್ಳುತ್ತಿತ್ತು. ಪಾತ್ರೆ ಎಷ್ಟು ದೊಡ್ಡದೆಂದು ‘ಗೆಟ್ಸ್’ ಕೇಳುವುದೇ ಇಲ್ಲ. ಹುಳು 536 ಬೈಟು ಕಳುಹಿಸಿತು. ಚೆಲ್ಲಿದ ಬೈಟುಗಳೇ ಯಂತ್ರದ ಹಿಡಿತವನ್ನು ಅದರ ಕೈಗೆ ಕೊಟ್ಟವು. ಸುಮಾರು 6000 ಯಂತ್ರಗಳಿಗೆ ಹುಳು ಹತ್ತಿತೆಂದು ಅಂದು ಅಂದಾಜು ಮಾಡಿದರು. 1990ರಲ್ಲಿ ನ್ಯಾಯಾಲಯ ಮಾರಿಸನಿಗೆ ಮೂರು ವರ್ಷಗಳ ಮೇಲ್ವಿಚಾರಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರುಗಳ ದಂಡ ವಿಧಿಸಿತು. ಮುಂದೆ ಆತ ಅಮೆರಿಕದ ಹೆಸರಾಂತ ಎಂಐಟಿಯಲ್ಲಿ ಪ್ರಾಧ್ಯಾಪಕನಾದ. ‘ಗೆಟ್ಸ್’ ಅನ್ನು ‘ಸಿ’ ಭಾಷೆಯ ಪ್ರಮಾಣಗ್ರಂಥದಿಂದ ತೆಗೆದುಹಾಕಿದ್ದು 2011ರಲ್ಲಿ. ಅಪರಾಧಿಯ ಶಿಕ್ಷೆ ಮುಗಿದು ಎಷ್ಟೋ ವರ್ಷಗಳಾದರೂ ಅಪರಾಧಕ್ಕೆ ಸಹಾಯಮಾಡಿದ ಉಪಾಂಗ ಮಾತ್ರ ತನ್ನ ಪೀಠದಲ್ಲಿಯೇ ಕುಳಿತಿತ್ತು!

ಉದ್ದವನ್ನು ಮೊದಲೇ ಹೇಳಿಸಿಕೊಂಡರೆ ಈ ಕಾಟ ತಪ್ಪೀತೆಂದು ಭಾವಿಸಬಹುದು. ಆದರೆ ಹೇಳುವವನು ಸುಳ್ಳು ಹೇಳಿದರೆ? ಬ್ಯಾಂಕುಗಳಿಗೂ ಅಂಗಡಿಗಳಿಗೂ ಹೋಗುವ ಗುಟ್ಟಿನ ಮಾತುಗಳನ್ನು ಕಾಯುವ ‘ಓಪನ್ ಎಸ್‌ಎಸ್‌ಎಲ್’ ಎಂಬ ತಂತ್ರಾಂಶವಿದೆ. 2012ರಲ್ಲಿ ಅದಕ್ಕೊಂದು ಸೌಕರ್ಯ ಸೇರಿತು. ಒಂದು ಯಂತ್ರ ಒಂದು ಪದವನ್ನೂ ಅದರ ಉದ್ದವನ್ನೂ ಕಳುಹಿಸಿ, ‘ಇದ್ದೀಯಾ? ಇದ್ದರೆ ಈ ಪದವನ್ನು ಹಿಂದಿರುಗಿಸು’ ಎನ್ನಬೇಕು. ಇನ್ನೊಂದು ಅದನ್ನು ಹಿಂದಿರುಗಿಸಬೇಕು. ನಾಡಿ ಹಿಡಿದು ನೋಡಿದಂತೆ. ಕುಹಕಿಯೊಬ್ಬ ಒಂದೇ ಅಕ್ಷರವನ್ನು ಕಳುಹಿಸಿ, ಅದರ ಉದ್ದ ಅರುವತ್ತನಾಲ್ಕು ಸಾವಿರವೆಂದರೆ ಏನಾಗಬೇಕು? ಬಂದುದನ್ನು ಎಣಿಸಿ, ಸುಳ್ಳೆಂದು ತಳ್ಳಬೇಕಾಗಿತ್ತು. ತಂತ್ರಾಂಶ ಎಣಿಸಲಿಲ್ಲ. ಆ ಒಂದಕ್ಷರದ ಪಕ್ಕದಲ್ಲಿ ತನ್ನ ನೆನಪಿನಲ್ಲಿ ಏನೇನಿತ್ತೋ ಅದನ್ನೆಲ್ಲ, ಗುಪ್ತಪದಗಳೂ ಕೀಲಿಗಳೂ ಸೇರಿದಂತೆ, ಅರುವತ್ತನಾಲ್ಕು ಸಾವಿರ ಬೈಟಿನವರೆಗೆ ಬಾಚಿ ಕೊಟ್ಟಿತು. 2014ರ ಏಪ್ರಿಲ್ 7ರಂದು ಇದು ಬಯಲಾದಾಗ ‘ಹಾರ್ಟ್‌ಬ್ಲೀಡ್’, ಹೃದಯದ ರಕ್ತಸ್ರಾವ, ಎಂಬ ಹೆಸರು ಬಂದಿತು. ಕೆನಡ ದೇಶದ ತೆರಿಗೆ ಇಲಾಖೆಯಿಂದ ಸುಮಾರು 900 ಮಂದಿ ತೆರಿಗೆದಾರರ ಗುರುತುಸಂಖ್ಯೆಗಳು ಈ ಬಿರುಕಿನಿಂದಲೇ ಸೋರಿಹೋದವು. ಎರಡು ವರ್ಷಗಳ ಕಾಲ ಲೋಕದ ಅಸಂಖ್ಯ ಯಂತ್ರಗಳಲ್ಲಿ ಕುಳಿತಿದ್ದ ಆ ದೋಷಕ್ಕೆ ಮದ್ದೆಂದರೆ, ಹೇಳಿದ ಉದ್ದವನ್ನೂ ಬಂದ ಉದ್ದವನ್ನೂ ಹೋಲಿಸಿ ನೋಡುವ ಕೆಲವೇ ಸಾಲುಗಳು.

ಇನ್ನು ನಮ್ಮ ತರುಣನ ವಿಷಯ. ಅವನು ಪ್ರೋಗ್ರಾಮನ್ನು ತಿದ್ದಿದ. ಮೊದಲು ನಾಲ್ಕು ಬೈಟುಗಳ ಉದ್ದವನ್ನು ಪೂರ್ತಿಯಾಗಿ ಹಿಡಿದು, ಅದು ತನ್ನ ಪಾತ್ರೆಯನ್ನು ಮೀರುವುದೇನೋ ನೋಡಿ, ಮೀರದಿದ್ದರೆ ಅಷ್ಟನ್ನೂ ಸುತ್ತಿ ಸುತ್ತಿ ಓದುವಂತೆ ಮಾಡಿದ. ಇನ್ನೂರು ಹೆಸರುಗಳೂ ಬಂದವು. ತಂದೆ ಮೆಚ್ಚಿದರು. ಆದರೆ ತುಂಬುವ ತನಕ ಹಿಡಿಯಬೇಕೆಂಬ ತಾಯಿಯ ಮಾತಿನಲ್ಲಿ ಒಂದಂಶ ಉಳಿದಿತ್ತು: ನಲ್ಲಿಯಲ್ಲಿ ನೀರೇ ಬರದಿದ್ದರೆ ಎಲ್ಲಿಯವರೆಗೆ ನಿಲ್ಲುವುದು? ಆ ತುದಿಯ ಯಂತ್ರದ ವಿದ್ಯುತ್ತು ಹಠಾತ್ತನೆ ಹೋದರೆ ಬಾಗಿಲು ಮುಚ್ಚಿದ ಸುದ್ದಿಯೂ ಬರುವುದಿಲ್ಲ. ‘ರೀಡ್’ ಕಾಯುತ್ತಲೇ ಕುಳಿತಿರುತ್ತದೆ. ಇಂಥ ಕಾಯುವಿಕೆಯನ್ನೇ ಆಯುಧ ಮಾಡಿಕೊಂಡವರೂ ಇದ್ದಾರೆ. 2009ರಲ್ಲಿ ಪ್ರಕಟವಾದ ‘ಸ್ಲೋಲಾರಿಸ್’ ಎಂಬ ಪ್ರೋಗ್ರಾಂ ವೆಬ್ ಸೇವೆಯ ಯಂತ್ರವೊಂದಕ್ಕೆ ನೂರಾರು ಸಂಪರ್ಕಗಳನ್ನು ತೆರೆದು, ಪ್ರತಿಯೊಂದರಲ್ಲಿಯೂ ಕೋರಿಕೆಯನ್ನು ಅರ್ಧ ಹೇಳಿ, ಆಗಾಗ ಒಂದೊಂದು ಸಾಲನ್ನು ತೊಟ್ಟಿಕ್ಕುತ್ತ, ಎಂದಿಗೂ ಮುಗಿಸದೆ ಕೂರಿಸುತ್ತಿತ್ತು. ಯಂತ್ರ ಮಾತು ಪೂರ್ತಿಯಾಗಲೆಂದು ಸಜ್ಜನನಂತೆ ಕಾಯುತ್ತದೆ. ನಿಜವಾದ ಗಿರಾಕಿಗಳಿಗೆ ಒಳಗೆ ಜಾಗವೇ ಇಲ್ಲ. ಮೆಲ್ಲಗೆ ಕೈ ಮುಂದಿಡುವ ಪ್ರಾಣಿಯೊಂದರ ಹೆಸರು ಅದು. ನಮ್ಮ ಕಾಡುಗಳಲ್ಲಿರುವ ಕಾಡುಪಾಪದ ದಾಯಾದಿ.

ಅಪಾಚೆ ಎಂಬ ಪ್ರಸಿದ್ಧ ವೆಬ್ ತಂತ್ರಾಂಶ ಇದಕ್ಕೆ ಕಂಡುಕೊಂಡ ಉಪಾಯ ಲೆಕ್ಕದ್ದೇ. ಸಂಪರ್ಕ ಕೊಟ್ಟವನು ಕೋರಿಕೆಯ ತಲೆಬರಹವನ್ನು ಮುಗಿಸಲು ಮೊದಲು 20 ಸೆಕೆಂಡುಗಳ ಅವಕಾಶ. ಬರುವ ಪ್ರತಿ 500 ಬೈಟಿಗೂ ಒಂದೊಂದು ಸೆಕೆಂಡು ಹೆಚ್ಚುವರಿ. ಒಟ್ಟು 40 ಸೆಕೆಂಡು ಮೀರುವಂತಿಲ್ಲ. ಅಷ್ಟರೊಳಗೆ ಮಾತು ಮುಗಿಯದಿದ್ದರೆ ಸಾಕೆಟ್ಟಿನ ಬಾಗಿಲು ಮುಚ್ಚುತ್ತದೆ, ಹೊರಗಿರುವುದು ಕಾಡುಪಾಪವಾಗಿರಲಿ, ನಿಧಾನವಾದ ತಂತಿಯ ತುದಿಯಲ್ಲಿರುವ ಬಡಪಾಯಿಯಾಗಿರಲಿ.